ಸೈನಿಕ ಹಿಡಿಯೊಳಗಿನ ಕುಲುಮೆಯ ಅಲಗು: ಯುದ್ಧಕಾಲದ ಜಪಾನಿ ಕತ್ತಿಗಳ ದೋಷ ಪತ್ತೆ ಮತ್ತು ನಿವಾರಣೆ

ಎರಡನೆಯ ಮಹಾಯುದ್ಧದ ಕಾಲದ ಜಪಾನಿ ಸೇನಾಧಿಕಾರಿಯ ಕತ್ತಿಯೊಂದು ಕೈಸೇರಿದ ಕೂಡಲೇ ಹೊಸ ಸಂಗ್ರಾಹಕರು ತುಕ್ಕು ಬಿಡಿಸುವ ದಾರಿ ಹುಡುಕತೊಡಗುತ್ತಾರೆ. ಇಂಥ ಕತ್ತಿಗಳ ಮೇಲೆ ಇಂದು ಕಾಣುವ ಗಾಯಗಳಲ್ಲಿ ಅನೇಕವು ಯುದ್ಧ ಮುಗಿದು ಎಷ್ಟೋ ವರ್ಷಗಳಾದ ಮೇಲೆ, ಒಳ್ಳೆಯ ಉದ್ದೇಶದಿಂದಲೇ, ಎಮರಿ ಕಾಗದ, ತಂತಿಯ ಬ್ರಷ್ಷು ಮತ್ತು ವಿದ್ಯುತ್ ಸಾಣೆಚಕ್ರಗಳಿಂದ ಆದವು. ಆದ್ದರಿಂದ ಈ ಕೈಪಿಡಿಯ ನಡಿಗೆ ಸ್ವಲ್ಪ ನಿಧಾನ: ಕಣ್ಣಿಗೆ ಬಿದ್ದ ಪ್ರತಿಯೊಂದು ಲಕ್ಷಣವೂ ಉಕ್ಕಿನ ದೋಷವೇ, ಹದದ ದೋಷವೇ, ಮೇಲೆ ಕುಳಿತ ಕೊಳೆಯೇ, ಜೋಡಣೆಯ ಸಡಿಲತನವೇ, ಅಥವಾ ಆ ಬಗೆಯ ಕತ್ತಿಗೆ ಸಹಜವಾದ ಗುಣವೇ ಎಂಬುದು ತೀರ್ಮಾನವಾಗುವವರೆಗೆ ಅಲಗಿಗೆ ಕೈಹಾಕಬಾರದು. ಇಲ್ಲಿ ಮುಖ್ಯವಾಗಿ ಚರ್ಚಿಸುತ್ತಿರುವುದು ಗೆಂದೈತೋಗಳನ್ನು, ಅಂದರೆ 1876ರ ಈಚೆಗೆ ಹಳೆಯ ಪದ್ಧತಿಯಂತೆಯೇ ಉಕ್ಕನ್ನು ಮಡಚಿ ಬಡಿದು, ಜೇಡಿಮಣ್ಣು ಬಳಿದು, ನೀರಿನಲ್ಲಿ ಅದ್ದಿ ಹದ ಕೊಟ್ಟ ಅಲಗುಗಳನ್ನು.

ಕೈಯಲ್ಲಿರುವುದು ಯಾವ ಬಗೆಯ ಕತ್ತಿ?

1876ರ ರಾಜಾಜ್ಞೆಯು ಸಾರ್ವಜನಿಕವಾಗಿ ಕತ್ತಿ ಧರಿಸುವುದನ್ನು ನಿಷೇಧಿಸಿದ ಮೇಲೆ ಜಪಾನಿನ ಕತ್ತಿ ಕಮ್ಮಾರರ ಕಸುಬು ಬಹುಮಟ್ಟಿಗೆ ಬತ್ತಿಹೋಗಿತ್ತು. 1906ರಲ್ಲಿ ಗಸ್ಸಾನ್ ಸದಾಕಾಝು ಮತ್ತು ಮಿಯಾಮೊಟೊ ಕನೆನೊರಿ ಅವರನ್ನು ಅರಮನೆಯ ಕಲಾವಿದರನ್ನಾಗಿ ನೇಮಿಸಿದ್ದು ಆ ಪರಂಪರೆಗೆ ಸಿಕ್ಕ ಅಪರೂಪದ ಆಸರೆ. ಕಸುಬು ದೊಡ್ಡ ಪ್ರಮಾಣದಲ್ಲಿ ಮತ್ತೆ ತಲೆಯೆತ್ತಿದ್ದು 1930ರ ದಶಕದಲ್ಲಿ, ಸೇನೆಯ ಬೇಡಿಕೆಯಿಂದ. 1933ರಲ್ಲಿ ಟೋಕಿಯೊದ ಯಾಸುಕುನಿ ದೇಗುಲದ ಆವರಣದಲ್ಲಿ ನಿಹೊಂತೋ ತಾನ್ರೆಂಕಾಯ್ ಎಂಬ ಸಂಸ್ಥೆ ಕುಲುಮೆಗಳನ್ನು ಹೂಡಿತು. ಕಬ್ಬಿಣದ ಮರಳನ್ನು ಇದ್ದಿಲಿನೊಂದಿಗೆ ಮಣ್ಣಿನ ಒಲೆಯಲ್ಲಿ ಕಾಯಿಸಿ ತಮಾಹಗಾನೆ ಎಂಬ ಉಕ್ಕು ತೆಗೆಯುವ ಕೆಲಸಕ್ಕೂ ಶಿಮಾನೆ ಪ್ರಾಂತದಲ್ಲಿ ಅದರಿಂದಾಗಿ ಮರುಜೀವ ಬಂತು. 1945ರವರೆಗೆ ಆ ದೇಗುಲದ ಕುಲುಮೆಗಳಲ್ಲಿ ಸುಮಾರು 8,100 ಕತ್ತಿಗಳು ತಯಾರಾದವು. ಅದೇ 1933ರಲ್ಲಿ ಕುರಿಹಾರಾ ಹಿಕೊಸಾಬುರೊ ಟೋಕಿಯೊದಲ್ಲಿ ತೆರೆದ ತರಬೇತಿ ಶಾಲೆಯಿಂದ ಹಲವು ಕಮ್ಮಾರರು ಹೊರಬಂದರು. 1963ರಲ್ಲಿ ಜೀವಂತ ರಾಷ್ಟ್ರೀಯ ನಿಧಿಯೆಂಬ ಗೌರವ ಪಡೆದ ಮಿಯಾಯಿರಿ ಅಕಿಹಿರಾ ಅವರಲ್ಲೊಬ್ಬರು. ಯುದ್ಧಕಾಲದ ಕತ್ತಿಯೆಂದರೆ ಕಾರ್ಖಾನೆಯ ತಗಡು ಎಂದು ಮೂಗು ಮುರಿಯುವವರು ಈ ಹೆಸರುಗಳನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಆದರೆ ಕಾರ್ಖಾನೆಯ ಅಲಗುಗಳೂ ಅಪಾರ ಸಂಖ್ಯೆಯಲ್ಲಿ ಇದ್ದವು. ತೊಡಕಿನ ಸಂಗತಿಯೆಂದರೆ ಹೊರಗಿನ ಹಿಡಿ ಮತ್ತು ಒರೆಗಳು ಒಳಗಿನ ಅಲಗಿನ ಜಾತಿಯನ್ನು ಹೇಳುವುದಿಲ್ಲ. ಭೂಸೇನೆಯ ಅಧಿಕಾರಿಗಳ 94ನೇ ಮಾದರಿ 1934ರದು, 98ನೇ ಮಾದರಿ 1938ರದು, ನೌಕಾಪಡೆಯ 97ನೇ ಮಾದರಿ 1937ರದು. ಈ ಮೂರರ ಹಿಡಿಗಳ ಒಳಗೆ ಶತಮಾನಗಳಷ್ಟು ಹಳೆಯ ಮನೆತನದ ಅಲಗು ಇರಬಹುದು, ಆಗತಾನೆ ಕುಲುಮೆಯಿಂದ ಬಂದ ಗೆಂದೈತೋ ಇರಬಹುದು, ಇಲ್ಲವೇ ಗಿರಣಿಯ ಉಕ್ಕಿನ ಪಟ್ಟಿಯನ್ನು ಬಡಿದು ಎಣ್ಣೆಯಲ್ಲಿ ಹದ ಕೊಟ್ಟ ಶೋವಾತೋ ಇರಬಹುದು. 1935ರ 95ನೇ ಮಾದರಿ ಮಾತ್ರ ಇದಕ್ಕೆ ಹೊರತು. ಅದು ಹವಾಲ್ದಾರರಂಥ, ಕಮಿಷನ್ ಇಲ್ಲದ ದರ್ಜೆಯವರಿಗೆ ಸರ್ಕಾರವೇ ಕೊಡುತ್ತಿದ್ದ ಯಂತ್ರನಿರ್ಮಿತ ಕತ್ತಿ. ಅಲಗಿನ ಮೇಲೆ ಕ್ರಮಸಂಖ್ಯೆ ಒತ್ತಿರುತ್ತದೆ, ಬೆನ್ನಿನ ಪಕ್ಕದಲ್ಲಿ ಉದ್ದನೆಯ ತೋಡು ಇರುತ್ತದೆ, ಅನೇಕ ಪ್ರತಿಗಳ ಹಿಡಿ ಎರಕದ ಲೋಹದ್ದು. ಇದರಲ್ಲಿ ಕಮ್ಮಾರನ ಸಹಿ ಹುಡುಕುವುದು ವ್ಯರ್ಥ ಶ್ರಮ.

ಹಿಡಿಯನ್ನು ಬಿಚ್ಚದೆ ಮುಂದಿನ ಯಾವ ತೀರ್ಮಾನವೂ ಸಾಧ್ಯವಿಲ್ಲ. ಬಿಚ್ಚುವ ಮೊದಲು ಇಡೀ ಕತ್ತಿಯ, ಪ್ರತಿ ಬಿಡಿಭಾಗದ, ಒರೆಗೆ ಕಟ್ಟಿರುವ ದಾರ ಅಥವಾ ಚೀಟಿಯ ಛಾಯಾಚಿತ್ರ ತೆಗೆದುಕೊಳ್ಳಬೇಕು. ಶರಣಾಗತಿಯ ಸಮಯದಲ್ಲಿ ಜಪಾನಿ ಅಧಿಕಾರಿಗಳು ತಮ್ಮ ಹೆಸರು ಮತ್ತು ಊರನ್ನು ಬರೆದು ಕಟ್ಟಿದ ಮರದ ಅಥವಾ ಬಟ್ಟೆಯ ಚೀಟಿಗಳು ಕೆಲವು ಕತ್ತಿಗಳಲ್ಲಿ ಇನ್ನೂ ಉಳಿದಿವೆ. ಕೊಳೆಯೆಂದು ಅವನ್ನು ಕಿತ್ತೆಸೆದರೆ ಮರಳಿ ಪಡೆಯಲು ಸಾಧ್ಯವಿಲ್ಲ. ಕೊಡಗಿನ ಕೆ. ಎಸ್. ತಿಮ್ಮಯ್ಯನವರು ಬ್ರಿಗೇಡ್ ಮುನ್ನಡೆಸಿದ ಬರ್ಮಾ ರಣರಂಗದಲ್ಲಿ, ಜಪಾನಿ ಅಧಿಕಾರಿಗಳು ತಮ್ಮ ಕತ್ತಿಗಳನ್ನು ಎದುರಾಳಿ ಅಧಿಕಾರಿಗಳಿಗೆ ಸೈನಿಕರ ಮುಂದೆಯೇ ಒಪ್ಪಿಸಬೇಕೆಂದು ಬ್ರಿಟಿಷ್ ಸೇನಾಪತಿ ಜನರಲ್ ಸ್ಲಿಮ್ ಪಟ್ಟುಹಿಡಿದಿದ್ದರು. ಸ್ಲಿಮ್ ಅವರ ಸೇನೆಯ ಬಹುಪಾಲು ಭಾರತೀಯರದೇ ಆಗಿದ್ದುದರಿಂದ ಇಂಥ ಕತ್ತಿಗಳು ಭಾರತಕ್ಕೂ ಬಂದವು, ಮತ್ತು ಅವುಗಳ ಮಟ್ಟಿಗೆ ಚೀಟಿಯ ಸಾಕ್ಷ್ಯ ಅಲಗಿನಷ್ಟೇ ಬೆಲೆಬಾಳುವಂಥದ್ದು.

ಲಕ್ಷಣ: ಹಿಡಿ ಕಳಚಿ ಬರುವುದಿಲ್ಲ

ಹಿಡಿಯನ್ನು ಅಲಗಿಗೆ ಬಂಧಿಸಿರುವುದು ಮೆಕುಗಿ ಎಂಬ ಬಿದಿರಿನ ಗೂಟ. ಅದು ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ಸಣ್ಣ; ಆದ್ದರಿಂದ ಯಾವಾಗಲೂ ಸಣ್ಣ ತುದಿಯ ಕಡೆಯಿಂದಲೇ, ಮರದ ಅಥವಾ ಹಿತ್ತಾಳೆಯ ಕಡ್ಡಿಯಿಂದ ಮೆಲ್ಲಗೆ ತಟ್ಟಿ ಹೊರಡಿಸಬೇಕು. ಗೂಟ ಅಲುಗದಿದ್ದರೆ ತಪ್ಪು ಕಡೆಯಿಂದ ಹೊಡೆಯುತ್ತಿರುವುದೇ ಮೊದಲ ಅನುಮಾನ. 94ನೇ ಮಾದರಿಯ ಹಿಡಿಗಳಲ್ಲಿ ಎರಡು ಗೂಟಗಳಿರುತ್ತವೆ. ಒಂದನ್ನು ತೆಗೆದು, ಹೆಣಿಕೆಯ ಪಟ್ಟಿಯ ಕೆಳಗೆ ಅರ್ಧ ಮರೆಯಾದ ಇನ್ನೊಂದನ್ನು ಗಮನಿಸದೆ ಬಲ ಹಾಕಿದರೆ ಹಿಡಿಯ ಮರ ಸೀಳುತ್ತದೆ. ಕೆಲವು ಸೇನಾ ಹಿಡಿಗಳಲ್ಲಿ ಗೂಟದ ಬದಲು ತಿರುಪುಮೊಳೆ ಇರುವುದೂ ಉಂಟು.

ಗೂಟಗಳೆಲ್ಲ ಹೊರಬಂದ ಮೇಲೂ ಹಿಡಿ ಬಿಗಿಯಾಗಿ ಕುಳಿತಿದ್ದರೆ ಕಾರಣ ಮೂರರಲ್ಲೊಂದು: ತೇವದಿಂದ ಮರ ಉಬ್ಬಿದೆ, ಹಳೆಯ ಎಣ್ಣೆ ಗಟ್ಟಿಯಾಗಿ ಅಂಟಿದೆ, ಅಥವಾ ನಕಾಗೊ, ಅಂದರೆ ಹಿಡಿಯೊಳಗಿರುವ ಅಲಗಿನ ಬುಡ, ತುಕ್ಕಿನಿಂದ ದಪ್ಪವಾಗಿದೆ. ಮೊದಲ ಕಾರಣಕ್ಕೆ ಒಣ ಕೋಣೆಯಲ್ಲಿ ಕೆಲವು ವಾರ ಬಿಡುವುದೇ ಮದ್ದು. ಬಿಸಿಲು, ಬೆಂಕಿ, ಬಿಸಿಗಾಳಿಯ ಯಂತ್ರ ಯಾವುದೂ ಬೇಡ. ಉಳಿದೆರಡಕ್ಕೆ, ಕತ್ತಿಯನ್ನು ನೆಟ್ಟಗೆ ಮೇಲ್ಮುಖವಾಗಿ ಹಿಡಿದು, ಅಲಗಿನ ಬಾಯಿಯನ್ನು, ಅಂದರೆ ಕತ್ತರಿಸುವ ಅಂಚನ್ನು, ತಮ್ಮಿಂದ ಆಚೆಗೆ ತಿರುಗಿಸಿ, ಹಿಡಿ ಹಿಡಿದ ಎಡಗೈಯ ಮಣಿಕಟ್ಟನ್ನು ಬಲಗೈ ಮುಷ್ಟಿಯಿಂದ ಹಂತಹಂತವಾಗಿ ಗುದ್ದುವ ಹಳೆಯ ಕ್ರಮವನ್ನು ಅನುಸರಿಸಬೇಕು. ಅದಕ್ಕೂ ಬಗ್ಗದಿದ್ದರೆ ತ್ಸುಬಾ ಎಂಬ ಕೈಕಾಪಿನ ತಟ್ಟೆಯ ಮೇಲೆ, ಅಲಗಿಗೆ ತಾಗದಂತೆ ಕೊರೆದ ಗಟ್ಟಿಮರದ ತುಂಡನ್ನಿಟ್ಟು ಎರಡೂ ಬದಿಗೆ ಸಮನಾಗಿ ತಟ್ಟಬಹುದು. ತುಕ್ಕು ಸಡಿಲಿಸುವ ತುಂತುರು ಎಣ್ಣೆಯನ್ನು ಹಿಡಿಯ ಬಾಯಿಗೆ ಸುರಿಯುವ ಸಲಹೆ ಆಗಾಗ ಕೇಳಿಬರುತ್ತದೆ. ಅದು ಹಿಡಿಯ ಮರ, ಅದಕ್ಕೆ ಹೊದಿಸಿದ ತೊರಕೆ ಮೀನಿನ ಚರ್ಮ ಮತ್ತು ಹತ್ತಿಯ ಹೆಣಿಕೆ ಮೂರನ್ನೂ ಕೆಡಿಸುವುದರಿಂದ ನಾನು ಅದನ್ನು ಯಾವ ಸಂದರ್ಭದಲ್ಲೂ ಒಪ್ಪುವುದಿಲ್ಲ.

ಕಳಚಿದ ಪ್ರತಿ ತುಣುಕನ್ನೂ ಬಂದ ಕ್ರಮದಲ್ಲೇ, ಬಂದ ಮುಖ ಮೇಲಾಗಿಯೇ ಜೋಡಿಸಿಡಬೇಕು. ತ್ಸುಬಾದ ಎರಡೂ ಬದಿಗಳಲ್ಲಿರುವ ಸೆಪ್ಪಾ ಎಂಬ ತೆಳುಬಿಲ್ಲೆಗಳ ಮೇಲೆ ಹಲವು ವೇಳೆ ಒಂದೇ ಜೋಡಣೆಯ ಸಂಖ್ಯೆ ಕೊರೆದಿರುತ್ತದೆ. ಸಂಖ್ಯೆಗಳು ಹೊಂದಿಕೊಂಡರೆ ಆ ಕತ್ತಿ ಮೂಲ ಜೋಡಣೆಯಲ್ಲೇ ಉಳಿದಿದೆ ಎಂಬುದಕ್ಕೆ ಅದು ಒಳ್ಳೆಯ ಆಧಾರ.

ನಕಾಗೊ ಹೇಳುವ ಸಾಕ್ಷ್ಯ, ಮತ್ತು ಅದು ಸುಳ್ಳು ಹೇಳುವ ಸಂದರ್ಭಗಳು

ನಕಾಗೊದ ಮೇಲಿನ ತುಕ್ಕನ್ನು ತೆಗೆಯಬಾರದು. ಇದಕ್ಕೆ ವಿನಾಯಿತಿಯೇ ಇಲ್ಲ. ಎಂಬತ್ತು ವರ್ಷಗಳ ತುಕ್ಕಿನ ಬಣ್ಣ, ಅರದ ಗೆರೆಗಳ ಚೂಪು, ಉಳಿಯ ಏಟುಗಳ ಅಂಚು ಇವೇ ಅಲಗಿನ ವಯಸ್ಸನ್ನೂ ಪ್ರಾಮಾಣಿಕತೆಯನ್ನೂ ಅಳೆಯುವ ಆಧಾರಗಳು. ಹೊಳೆಯುವಂತೆ ಉಜ್ಜಿದ ನಕಾಗೊ ಅಲಗಿನ ಮೌಲ್ಯವನ್ನು ಬಹುಪಾಲು ಕೊಂದುಹಾಕುತ್ತದೆ. ಪುಡಿಯಾಗಿ ಉದುರುವ ಕೆಂಪು ತುಕ್ಕಿದ್ದರೆ ಒಣಬಟ್ಟೆಯಿಂದ ಒರೆಸಿ, ಒಂದೆರಡು ಹನಿ ಎಣ್ಣೆ ಸವರಿ, ಹೆಚ್ಚಾದುದನ್ನು ಮತ್ತೆ ಒರೆಸಿದರೆ ಸಾಕು. ಬಿಳಿ ಅಥವಾ ಕೆಂಪು ಬಣ್ಣದಲ್ಲಿ ಬರೆದ ಸಂಖ್ಯೆಗಳು ಕಂಡರೆ ಅವು ಯುದ್ಧಕಾಲದ ಜೋಡಣೆಯ ಗುರುತುಗಳು. ಸ್ಪಿರಿಟ್ಟು ತಾಗಿದರೆ ಅಳಿಸಿಹೋಗುತ್ತವೆ.

ಸಹಿಯ ಹಿಂಬದಿಯಲ್ಲಿ ದಿನಾಂಕವಿದ್ದರೆ ಅದು ಸಾಮಾನ್ಯವಾಗಿ ಶೋವಾ ಶಕೆಯದು. ಶೋವಾ ವರ್ಷಕ್ಕೆ 1925 ಕೂಡಿಸಿದರೆ ನಮ್ಮ ಲೆಕ್ಕದ ವರ್ಷ ಸಿಗುತ್ತದೆ, ಅಂದರೆ ಶೋವಾ 18 ಎಂಬುದು 1943. ಮುದ್ರೆಗಳ ವಿಷಯದಲ್ಲಿ ಆತುರ ಬೇಡ. ಸಣ್ಣ ನಕ್ಷತ್ರದ ಮುದ್ರೆ ಭೂಸೇನೆಯ ಮಾನ್ಯತೆ ಪಡೆದ ಕಮ್ಮಾರರದು. ಅವರಿಗೆ ಸೇನೆಯೇ ತಮಾಹಗಾನೆ ಒದಗಿಸುತ್ತಿತ್ತು, ಆದ್ದರಿಂದ ಈ ಮುದ್ರೆಯುಳ್ಳ ಅಲಗನ್ನು ಗೆಂದೈತೋ ಎಂದು ಬಹುಮಟ್ಟಿಗೆ ನಂಬಬಹುದು. ಸೆಕಿ ಪಟ್ಟಣದ ತಪಾಸಣೆಯ ಮುದ್ರೆ ಮತ್ತು ಶೋವಾ ಮುದ್ರೆಗಳು ಸಾಮಾನ್ಯವಾಗಿ ಎಣ್ಣೆಯಲ್ಲಿ ಹದಗೊಂಡ ಅಲಗುಗಳ ಮೇಲೆ ಕಾಣುತ್ತವೆ, ಆದರೆ ಸೆಕಿ ಮುದ್ರೆಯಿದ್ದೂ ಸಾಂಪ್ರದಾಯಿಕವಾಗಿರುವ ಅಲಗುಗಳು ಅಪರೂಪಕ್ಕೆ ಸಿಕ್ಕಿರುವುದರಿಂದ ಮುದ್ರೆಯೊಂದನ್ನೇ ನೋಡಿ ಅಲಗನ್ನು ಬದಿಗೆ ಸರಿಸಬಾರದು. ವೃತ್ತದೊಳಗೆ ಲಂಗರಿನ ಗುರುತು ಟೊಯೊಕಾವಾದ ನೌಕಾಪಡೆಯ ಕಾರ್ಖಾನೆಯದು. ಅವುಗಳಲ್ಲಿ ಬಹಳಷ್ಟು ತುಕ್ಕು ಹಿಡಿಯದ ಉಕ್ಕಿನವು. ಯಾಸುಕುನಿಯ ಕಮ್ಮಾರರ ಹೆಸರುಗಳು ದೇಗುಲದ ಹೆಸರಿನ ಮೊದಲ ಅಕ್ಷರದಿಂದಲೇ ಆರಂಭವಾಗುತ್ತವೆ. ಯಾಸುಹಿರೊ, ಯಾಸುನೊರಿ, ಯಾಸುಮಿತ್ಸು ಅಂಥವು. ದಕ್ಷಿಣ ಮಂಚೂರಿಯಾ ರೈಲ್ವೆ ಕಂಪನಿಯು ಡೈರೆನ್‌ನಲ್ಲಿ ತಯಾರಿಸಿದ ಮಾಂಟೆತ್ಸು ಕತ್ತಿಗಳ ಮೇಲೆ ಕಮ್ಮಾರನ ಹೆಸರಿನ ಬದಲು ‘ಕೋಆ ಇಷ್ಷಿನ್’ ಎಂಬ ಘೋಷವಾಕ್ಯವಿರುತ್ತದೆ. ಇವು ಅರೆ-ಸಾಂಪ್ರದಾಯಿಕ, ಅದೇ ಒಂದು ಪ್ರತ್ಯೇಕ ವರ್ಗ.

ಮೋಸದ ಅಲಗುಗಳು ಸಿಕ್ಕಿಬೀಳುವುದೂ ಇಲ್ಲಿಯೇ. 1940ರ ದಶಕದ ದಿನಾಂಕವಿದ್ದು ನಕಾಗೊ ಮಾತ್ರ ಕಿತ್ತಳೆ ಬಣ್ಣದಲ್ಲಿ ಹೊಪ್ಪಳಿಸಿದ್ದರೆ, ಅರದ ಗೆರೆಗಳು ಅಡ್ಡಾದಿಡ್ಡಿಯಾಗಿದ್ದರೆ, ಅಕ್ಷರಗಳು ಉಳಿಯ ಏಟಿನ ಬದಲು ಯಂತ್ರದ ಕೊರೆತದಂತೆ ಸಮತಟ್ಟಾಗಿದ್ದರೆ ಅನುಮಾನಿಸಬೇಕು. ಯುದ್ಧಕಾಲದ ಸಾಚಾ ನಕಾಗೊ ಸಾಮಾನ್ಯವಾಗಿ ಬೂದು ಮಿಶ್ರಿತ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಆಳವಾದ ಕಪ್ಪು ಮತ್ತು ಸವೆದ ಅಂಚುಗಳು ಕಂಡರೆ ಸೈನಿಕ ಹಿಡಿಯೊಳಗೆ ಬಹಳ ಹಳೆಯ ಅಲಗೊಂದು ಅಡಗಿರುವ ಸಾಧ್ಯತೆಯಿದೆ.

ಲಕ್ಷಣ: ಹಮೋನ್ ಕಾಣುವುದಿಲ್ಲ

ಸಂಗ್ರಾಹಕರನ್ನು ಎಲ್ಲಕ್ಕಿಂತ ಹೆಚ್ಚು ಗಲಿಬಿಲಿಗೊಳಿಸುವ ಲಕ್ಷಣ ಇದು, ಮತ್ತು ಇದರ ಕಾರಣಗಳೂ ಹೆಚ್ಚು. ಅಲಗಿನ ಬಾಯಿಯುದ್ದಕ್ಕೂ ಗಡಸು ಉಕ್ಕು ಮತ್ತು ಮೆದು ಉಕ್ಕಿನ ನಡುವೆ ಹಾಯುವ ಹದದ ಗೆರೆಯೇ ಹಮೋನ್. ಬೆನ್ನಿಗೆ ದಪ್ಪವಾಗಿಯೂ ಬಾಯಿಗೆ ತೆಳುವಾಗಿಯೂ ಮಣ್ಣು ಬಳಿದು, ಕೆಂಪಗೆ ಕಾಯಿಸಿ ನೀರಿಗೆ ಅದ್ದಿದಾಗ ಬಾಯಿಯ ಭಾಗ ಕ್ಷಣದಲ್ಲಿ ತಣಿದು ಮಾರ್ಟೆನ್ಸೈಟ್ ಎಂಬ ಅತಿ ಗಡಸು ರಚನೆಗೆ ತಿರುಗುತ್ತದೆ. ಮಣ್ಣಿನ ಹೊದಿಕೆಯಡಿಯ ಉಕ್ಕು ನಿಧಾನವಾಗಿ ತಣಿದು ಮೆದುವಾಗಿ ಉಳಿಯುತ್ತದೆ. ಗೆರೆಯುದ್ದಕ್ಕೂ ಬರಿಗಣ್ಣಿಗೆ ಬಿಡಿಬಿಡಿಯಾಗಿ ಮಿನುಗುವ ಕಣಗಳಿಗೆ ನಿಯೆ ಎಂದೂ, ಬಿಡಿಯಾಗಿ ಕಾಣದೆ ಮಂಜಿನಂತೆ ಹರಡಿದ ಬಿಳುಪಿಗೆ ನಿಯೋಯಿ ಎಂದೂ ಹೆಸರು.

ಪರೀಕ್ಷೆಯನ್ನು ಬೆಳಕಿನಿಂದ ಆರಂಭಿಸಬೇಕು. ಟ್ಯೂಬ್‌ಲೈಟಿನ ಹರಡಿದ ಬೆಳಕಿನಲ್ಲಿ ಚೆನ್ನಾಗಿ ಸಾಣೆ ಹಿಡಿದ ಅಲಗಿನ ಹಮೋನ್ ಕೂಡ ಮರೆಯಾಗುತ್ತದೆ. ಕೋಣೆಯನ್ನು ಕತ್ತಲಾಗಿಸಿ, ಒಂದೇ ಒಂದು ಚಿಕ್ಕ ಪ್ರಖರ ದೀಪವನ್ನು ಎದುರಿಗೆ ಸ್ವಲ್ಪ ಎತ್ತರದಲ್ಲಿಟ್ಟು, ಅಲಗಿನ ತುದಿಯನ್ನು ದೀಪದ ಕಡೆಗೆ ಚಾಚಿ, ಪ್ರತಿಫಲಿಸಿದ ಬೆಳಕಿನ ಚುಕ್ಕೆಯ ಅಂಚಿನಲ್ಲಿ ದೃಷ್ಟಿಯಿಟ್ಟು ಅಲಗನ್ನು ಕೂದಲೆಳೆಯಷ್ಟು ಹೊರಳಿಸುತ್ತಾ ಹೋಗಬೇಕು. ಹಮೋನ್ ಇಲ್ಲ ಎಂಬ ದೂರು ಅನೇಕ ವೇಳೆ ಇಲ್ಲಿಗೇ ಮುಗಿಯುತ್ತದೆ, ವಿಶೇಷವಾಗಿ ಗೆರೆ ಸುಗುಹಾ ಎಂಬ ಕಿರಿದಾದ ನೇರ ಬಗೆಯದಾಗಿದ್ದಾಗ.

ಆಗಲೂ ಕಾಣದಿದ್ದರೆ ಎರಡನೆಯ ಅನುಮಾನ ಕೊಳೆ. ದಶಕಗಳ ಕಾಲ ಒಣಗಿದ ಎಣ್ಣೆ ಮತ್ತು ಗ್ರೀಸು ಹಳದಿ-ಕಂದು ಪದರವಾಗಿ ಗಟ್ಟಿಗೊಂಡು ತುಕ್ಕಿನಂತೆಯೇ ಕಾಣುತ್ತದೆ. ಮೆತ್ತನೆಯ ಹತ್ತಿ ಬಟ್ಟೆಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತೋಯಿಸಿ, ಬೆನ್ನಿನ ಕಡೆಯಿಂದ ಅಲಗನ್ನು ಹಿಡಿದು, ಬುಡದಿಂದ ತುದಿಯ ಕಡೆಗೆ ಒಂದೇ ದಿಕ್ಕಿನಲ್ಲಿ ಒರೆಸಬೇಕು. ಬಟ್ಟೆ ಹಳದಿಯಾಗಿ ಅಡಿಯಲ್ಲಿ ಉಕ್ಕಿನ ಹೊಳಪು ತೋರಿದರೆ ಅದು ತುಕ್ಕಾಗಿರಲಿಲ್ಲ. ಇಲ್ಲಿ ಉಚಿಕೊ, ಅಂದರೆ ಸಾಣೆಕಲ್ಲಿನ ನಯವಾದ ಪುಡಿಯ ಉಂಡೆಯನ್ನು ತಟ್ಟಿ ಒರೆಸುವ ಪದ್ಧತಿಯನ್ನು ಬಹಳ ಜನ ಸೂಚಿಸುತ್ತಾರೆ. ಅದು ಸವೆಸುವ ವಸ್ತು ಎಂಬುದನ್ನು ಮರೆಯಬಾರದು. ಅಲಗಿನ ಮೇಲೆ ತುಕ್ಕಿನ ಕಣಗಳಿದ್ದರೆ ಪುಡಿಯೊಂದಿಗೆ ಅವೂ ಎಳೆದುಬಂದು ಗೀರು ಬೀಳುತ್ತವೆ.

ಮೂರನೆಯದು ಕೆಟ್ಟ ಸಾಣೆ. ಯಾರೋ ಉಕ್ಕಿನ ನಾರು ಅಥವಾ ಎಮರಿಯಿಂದ ಉಜ್ಜಿದ ಅಲಗು ಕನ್ನಡಿಯಂತೆ ಹೊಳೆಯುತ್ತದೆ, ಆದರೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ಅಡ್ಡಗೀರುಗಳ ಕಾಡೇ ಕಾಣುತ್ತದೆ, ಗಟ್ಟಿ ಏಣುಗಳು ಗುಂಡಗಾಗಿರುತ್ತವೆ. ಹಮೋನ್ ಇಲ್ಲಿ ಹೋಗಿಲ್ಲ, ಮುಚ್ಚಿಹೋಗಿದೆ; ಕ್ರಮಬದ್ಧ ಸಾಣೆಯಿಂದ ಮತ್ತೆ ಹೊರಬರುತ್ತದೆ. ನುರಿತ ಸಾಣೆಗಾರರು ಇಂಥ ಸಂದೇಹ ಬಂದಾಗ ಅಲಗಿನ ಒಂದು ಚಿಕ್ಕ ಭಾಗವನ್ನು ಮಾತ್ರ ಸಾಣೆ ಹಿಡಿದು ಕಿಟಕಿಯಂತೆ ತೆರೆದು ತೋರಿಸುತ್ತಾರೆ. ಇಡೀ ಅಲಗಿನ ಖರ್ಚಿಗೆ ಇಳಿಯುವ ಮೊದಲು ಇಷ್ಟನ್ನು ಮಾಡಿಸುವುದು ಜಾಣತನ.

ನಾಲ್ಕನೆಯದು ಬೆಂಕಿ. ಸುಟ್ಟ ಕಟ್ಟಡದಲ್ಲಿ ಸಿಕ್ಕಿದ ಅಲಗಿನ ಹದ ನಿಜವಾಗಿಯೂ ಇಳಿದುಹೋಗಿರುತ್ತದೆ. ಆಗ ನಕಾಗೊದ ಮೇಲ್ಮೈ ಹಕ್ಕಳೆಗಟ್ಟಿ ಅರದ ಗೆರೆಗಳು ಮಂಕಾಗಿರುತ್ತವೆ. ಹಬಾಕಿ ಎಂಬ, ಅಲಗಿನ ಬುಡವನ್ನು ತಬ್ಬಿರುವ ತಾಮ್ರದ ತೋಳು ಬಣ್ಣಗೆಟ್ಟಿರುತ್ತದೆ ಅಥವಾ ಬೆಸುಗೆ ಬಿಟ್ಟಿರುತ್ತದೆ. ಇದನ್ನು ಯಾವ ಸಾಣೆಯೂ ಸರಿಪಡಿಸಲಾರದು. ಮತ್ತೆ ಹದ ಕೊಡಿಸಿದರೆ ಗೆರೆಯೊಂದು ಮೂಡುತ್ತದೆ, ಆದರೆ ಅದು ಮೂಲ ಕಮ್ಮಾರನದಲ್ಲ.

ಇನ್ನುಳಿದದ್ದು, ಆ ಅಲಗಿಗೆ ಎಂದೂ ಅಂಥ ಹಮೋನ್ ಇರಲೇ ಇಲ್ಲ ಎಂಬ ಸಾಧ್ಯತೆ. ಎಣ್ಣೆಯಲ್ಲಿ ಅಲಗು ನೀರಿಗಿಂತ ನಿಧಾನವಾಗಿ ತಣಿಯುವುದರಿಂದ ಬಿರುಕಿನ ಭಯ ಕಡಿಮೆ, ಆದರೆ ನಿಯೆಯ ಮಿನುಗು ಬರುವುದಿಲ್ಲ. ಅಂಥ ಶೋವಾತೋಗಳ ಗೆರೆ ಸಪ್ಪೆಯಾಗಿ, ಒಂದೇ ಅಚ್ಚಿನ ಅಲೆಗಳಾಗಿ ಕಾಣುತ್ತದೆ, ಮೈಯಲ್ಲಿ ಮಡಿಕೆಯ ನೆಯ್ಗೆಯೂ ತೋರುವುದಿಲ್ಲ. ಇದು ದೋಷವಲ್ಲ, ಆ ವರ್ಗದ ಗುಣ. ಇದರ ತದ್ವಿರುದ್ಧವಾದ ಲಕ್ಷಣ ಹೆಚ್ಚು ಅಪಾಯಕಾರಿ: ಯಾವ ಬೆಳಕಿನಲ್ಲಿ ಯಾವ ಕೋನದಿಂದ ನೋಡಿದರೂ ಅಚ್ಚ ಬಿಳಿಯಾಗಿ ಎದ್ದು ಕಾಣುವ ಗೆರೆ ಆಮ್ಲದಿಂದ ಬರೆದದ್ದಾಗಿರಬಹುದು. ನಿಜವಾದ ಹಮೋನ್ ಅಲಗು ಹೊರಳಿದಂತೆ ಮೂಡಿ ಮರೆಯಾಗುತ್ತದೆ, ಮತ್ತು ಅದರ ಅಂಚು ಉಕ್ಕಿನ ಒಳಗಿನಿಂದ ಬಂದಂತೆ ತೋರುತ್ತದೆ.

ಲಕ್ಷಣ: ತುಕ್ಕು

ತುಕ್ಕಿನಲ್ಲಿ ಬದುಕಿರುವುದು ಮತ್ತು ಸತ್ತಿರುವುದು ಎಂಬ ಎರಡು ಬಗೆಗಳನ್ನು ಬೇರ್ಪಡಿಸಬೇಕು. ಬಿಳಿ ಬಟ್ಟೆಯಿಂದ ಒರೆಸಿದಾಗ ಕೆಂಪು ಪುಡಿ ಅಂಟಿದರೆ ಅದು ಇನ್ನೂ ತಿನ್ನುತ್ತಿದೆ. ಒರೆಸಿದರೂ ಏನೂ ಬಾರದ, ನಯವಾದ ಕಪ್ಪು ಕಲೆ ನೆಲೆನಿಂತದ್ದು. ಕಣ್ಣಿಗೆ ಅಹಿತವೆನಿಸಿದರೂ ಉಕ್ಕಿಗೆ ಸದ್ಯಕ್ಕೆ ಅಪಾಯವಿಲ್ಲ. ಯಾವುದೆಂದು ಖಚಿತವಾಗದಿದ್ದರೆ ಛಾಯಾಚಿತ್ರ ತೆಗೆದು, ತೆಳುವಾಗಿ ಎಣ್ಣೆ ಸವರಿ, ಕೆಲವು ವಾರಗಳ ನಂತರ ಅದೇ ಬೆಳಕಿನಲ್ಲಿ ಹೋಲಿಸಿ ನೋಡಬೇಕು. ಬದುಕಿರುವ ತುಕ್ಕಿನ ಚುಕ್ಕೆಗೆ ಎಣ್ಣೆ ಹಾಕಿ ಒಂದು ದಿನ ನೆನೆಸಿ, ಜಿಂಕೆ ಕೊಂಬಿನ ಅಥವಾ ಮೂಳೆಯ ಗುಂಡಂಚಿನಿಂದ ಆ ಚುಕ್ಕೆಯ ಮೇಲಷ್ಟೇ ಮೆಲ್ಲಗೆ ಒತ್ತಿ ತೆಗೆಯಬಹುದು. ನಿಂಬೆರಸ, ವಿನಿಗರ್, ತುಕ್ಕು ಕರಗಿಸುವ ದ್ರಾವಣಗಳು ಹಮೋನ್ ಮತ್ತು ಮೈಯ ಉಕ್ಕನ್ನು ಬೇರೆ ಬೇರೆ ವೇಗದಲ್ಲಿ ತಿಂದು ಬೂದು ತೇಪೆಗಳನ್ನು ಬಿಡುತ್ತವೆ.

ತುಕ್ಕು ಮತ್ತೆ ಮತ್ತೆ ಒಂದೇ ಜಾಗದಲ್ಲಿ ಬರುತ್ತಿದ್ದರೆ ದೋಷ ಅಲಗಿನದಲ್ಲ, ಒರೆಯದು. ಒಳಗಿನ ಮರದ ಅಸ್ತರಿಗೆ ಹಳೆಯ ತುಕ್ಕಿನ ಪುಡಿ ಮತ್ತು ತೇವ ಇಂಗಿರುತ್ತದೆ. ರಣರಂಗದಲ್ಲಿ ಬಳಸಿದ ಚರ್ಮದ ಹೊದಿಕೆಯೂ ತೇವವನ್ನು ಹಿಡಿದಿಡುತ್ತದೆ. ಮಡಿಕೇರಿ ಅಥವಾ ಮಂಗಳೂರಿನ ಮಳೆಗಾಲದಂಥ ಹವೆಯಲ್ಲಿ ಇದು ಬೇಗ ಕೆಡುತ್ತದೆ. ಅಲಗಿಗೆ ಹೊನೊಕಿ ಮರದ ಸಾದಾ ಶಿರಸಾಯಾ ಒರೆಯನ್ನು ಮಾಡಿಸಿ, ಸೈನಿಕ ಹಿಡಿ ಮತ್ತು ಒರೆಯನ್ನು ಬೇರೆಯಾಗಿ ಒಣಗಿಸಿಡುವುದು ಬಾಳುವ ಪರಿಹಾರ. ಹಿತ್ತಾಳೆಯ ಭಾಗಗಳ ಕಿಲುಬನ್ನು ಮರದ ಕಡ್ಡಿಯಿಂದ ಬಿಡಿಸಿದರೆ ಸಾಕು. ಹುಣಸೆಹಣ್ಣಿನಿಂದ ಪಾತ್ರೆಯಂತೆ ತಿಕ್ಕಿ ಬೆಳಗಿದರೆ ಅವುಗಳ ಮೂಲ ಲೇಪ ಹೋಗುತ್ತದೆ.

ಲಕ್ಷಣ: ಬಾಯಿಯ ಬಳಿ ಕೂದಲೆಳೆಯಂಥ ಗೆರೆ

ಇದರಲ್ಲಿ ತಪ್ಪಿದರೆ ಉಳಿದೆಲ್ಲ ಶ್ರಮವೂ ನೀರಿನ ಪಾಲು. ಬಾಯಿಗೆ ಲಂಬವಾಗಿ, ಗಡಸು ಭಾಗದಲ್ಲಿ ಎದ್ದ ಬಿರುಕಿಗೆ ಹಗಿರೆ ಎನ್ನುತ್ತಾರೆ. ಬಾಯಿಯ ಉಕ್ಕು ತಣಿಯುವಾಗ ಹಿಗ್ಗಿ, ಬೆನ್ನಿನ ಉಕ್ಕು ಕುಗ್ಗುವುದರಿಂದ ಹದ ಕೊಡುವ ಕ್ಷಣದಲ್ಲೇ ಅಲಗಿನೊಳಗೆ ಭಾರಿ ಎಳೆತ ಹುಟ್ಟುತ್ತದೆ. ನೀರಿನಲ್ಲಿ ಹದಗೊಂಡ ಅಲಗುಗಳಿಗೆ ಇದು ಹುಟ್ಟಿನ ಗಂಡಾಂತರ. ಬಗ್ಗಿದ ಅಲಗನ್ನು ಒರಟಾಗಿ ನೇರಗೊಳಿಸಿದಾಗಲೂ, ಗಟ್ಟಿ ವಸ್ತುವಿಗೆ ಬಡಿದಾಗಲೂ ಹಗಿರೆ ಬರುತ್ತದೆ. ಆ ಬಿರುಕಿನಿಂದಲೇ ಅಲಗು ಮುರಿಯಬಹುದಾದ್ದರಿಂದ ಒಂದು ಹಗಿರೆ ಸಾಕು, ಸಂಗ್ರಾಹಕರ ಲೆಕ್ಕದಲ್ಲಿ ಆ ಅಲಗು ಮಾರಕ ದೋಷದ್ದು.

ಗೀರನ್ನೂ ಹಗಿರೆಯನ್ನೂ ಬೇರ್ಪಡಿಸಲು, ಅಲಗನ್ನು ಒಂದೇ ದೀಪದ ಅಡಿಯಲ್ಲಿ ಬಹಳ ತಗ್ಗಿದ ಕೋನದಲ್ಲಿ ಹೊರಳಿಸುತ್ತಾ ಭೂತಗನ್ನಡಿಯಿಂದ ನೋಡಬೇಕು. ಗೀರು ಒಂದೇ ಮುಖದಲ್ಲಿರುತ್ತದೆ ಮತ್ತು ಬೆಳಕಿನ ಕೋನ ಬದಲಾದಂತೆ ಅದರ ತಳ ಹೊಳೆಯುತ್ತದೆ. ಹಗಿರೆ ಅನೇಕ ವೇಳೆ ಎರಡೂ ಮುಖಗಳಲ್ಲಿ ಎದುರುಬದುರಾಗಿ ಕಾಣುತ್ತದೆ, ಅಂಚನ್ನು ಮುಟ್ಟಿರುತ್ತದೆ, ಎಲ್ಲ ಕೋನದಲ್ಲೂ ಕಪ್ಪಾಗಿಯೇ ಉಳಿಯುತ್ತದೆ. ಇನ್ನೂ ಸಂದೇಹವಿದ್ದರೆ ಆ ಜಾಗಕ್ಕೆ ತೆಳು ಎಣ್ಣೆ ಹಚ್ಚಿ ಕೆಲ ಗಂಟೆ ಬಿಟ್ಟು, ಆಲ್ಕೊಹಾಲಿನಿಂದ ಪೂರ್ತಿ ಒರೆಸಿ ಕಾಯಬೇಕು. ಬಿರುಕಿದ್ದರೆ ಒಳಗೆ ನುಗ್ಗಿದ ಎಣ್ಣೆ ಮತ್ತೆ ಸಣ್ಣ ಗೆರೆಯಾಗಿ ಜಿನುಗುತ್ತದೆ. ಅಲಗನ್ನು ಬಗ್ಗಿಸಿ ನೋಡುವ ಪರೀಕ್ಷೆಯನ್ನು ಯಾರೂ ಮಾಡಬಾರದು.

ಉದ್ದುದ್ದಕ್ಕೆ ಮಡಿಕೆಯ ದಿಕ್ಕಿನಲ್ಲೇ ತೆರೆದ ಸೀಳುಗಳು ಮತ್ತು ಫುಕುರೆ ಎಂಬ ಗುಳ್ಳೆಗಳು ಬೆಸುಗೆ ಸರಿಯಾಗಿ ಕೂಡದೆ ಉಂಟಾದವು. ಇವು ಅಂದಗೆಡಿಸುತ್ತವೆ, ಆದರೆ ಅಲಗನ್ನು ಮುರಿಯುವುದಿಲ್ಲ. ಗುಳ್ಳೆ ಇನ್ನೂ ಒಡೆದಿಲ್ಲವಾದರೆ ಸಾಣೆಯ ವೇಳೆ ಬಾಯ್ಬಿಡಬಹುದು ಎಂಬುದನ್ನು ಸಾಣೆಗಾರನಿಗೆ ಮೊದಲೇ ಹೇಳಿರಬೇಕು. ಬೆನ್ನಿನ ಬದಿಯಲ್ಲಿ ಅಡ್ಡಲಾಗಿ ಸಣ್ಣ ಸುಕ್ಕುಗಳಂತೆ ಕಾಣುವ ಶಿನಾಯೆ, ಆ ಅಲಗು ಹಿಂದೊಮ್ಮೆ ಬಗ್ಗಿ ನೇರಗೊಂಡಿದೆ ಎಂಬುದರ ಕುರುಹು.

ಲಕ್ಷಣ: ಬಾಗು, ಮುಕ್ಕು, ಅಲುಗಾಟ, ಒರೆಯಲ್ಲಿ ಸಿಕ್ಕಿಕೊಂಡ ಅಲಗು

ಬೆನ್ನಿನುದ್ದಕ್ಕೂ ಒಂದು ಕಣ್ಣು ಮುಚ್ಚಿ ನೋಡಿದರೆ ಪಕ್ಕಬಾಗು ತಿಳಿಯುತ್ತದೆ. ಅದನ್ನು ಸಾಣೆಗೆ ಮೊದಲು, ಮರದ ಉಪಕರಣಗಳಿಂದ, ಬಲ್ಲವರೇ ತಿದ್ದಬೇಕು. ಬಾಯಿಯ ಮುಕ್ಕುಗಳನ್ನು ಅಳಿಸಲು ಇಡೀ ಬಾಯಿಯನ್ನು ಹಿಂದಕ್ಕೆ ತರಬೇಕಾಗುವುದರಿಂದ, ಹಮೋನ್ ಕಿರಿದಾಗಿದ್ದರೆ ಆಳವಾದ ಮುಕ್ಕನ್ನು ಹಾಗೆಯೇ ಬಿಡುವುದು ಲೇಸು.

ಹಿಡಿ ಅಲುಗಿದರೆ ಬಹುತೇಕ ಒಂದೆರಡು ಸೆಪ್ಪಾಗಳು ಕಳೆದುಹೋಗಿರುತ್ತವೆ ಅಥವಾ ಅದಲುಬದಲಾಗಿರುತ್ತವೆ, ಇಲ್ಲವೇ ಬಿದಿರಿನ ಗೂಟ ಒಣಗಿ ಸಣ್ಣದಾಗಿರುತ್ತದೆ. ಹೊಸ ಗೂಟವನ್ನು ಚೆನ್ನಾಗಿ ಬಲಿತು ಒಣಗಿದ ಬಿದಿರಿನಿಂದ ಕೆತ್ತಬಹುದು. ಅಂಟು, ಎಪಾಕ್ಸಿ, ಕಾಗದದ ತುರುಕು ಬೇಡ.

ಅಲಗು ಒರೆಯಿಂದ ಬಾರದಿದ್ದರೆ ಮೊದಲು ಕೈಕಾಪಿನ ಬಳಿಯ ಬೀಗದ ಗುಂಡಿಯನ್ನು ಒತ್ತಿ ನೋಡಬೇಕು. ಸೇನೆಯ ಕತ್ತಿಗಳಲ್ಲಿ ಒರೆಗೆ ಕೊಕ್ಕೆ ಬೀಳುವ ವ್ಯವಸ್ಥೆಯಿದೆ, ಅದರ ಸ್ಪ್ರಿಂಗು ತುಕ್ಕಿನಿಂದ ಸಿಕ್ಕಿಕೊಳ್ಳುತ್ತದೆ. ಅದು ಬಿಟ್ಟರೂ ಬಾರದಿದ್ದರೆ ಲೋಹದ ಒರೆಯ ಬಾಯಿಯ ಬಳಿಯ ಸಣ್ಣ ತಿರುಪುಮೊಳೆಗಳನ್ನು ತೆಗೆದರೆ ಮರದ ಅಸ್ತರಿನ ಸಮೇತ ಅಲಗು ಜಾರಿ ಬರುತ್ತದೆ. ಮರದ ಒರೆಯಾದರೆ ಅಲಗಿನ ಬಾಯಿಯ ಕಡೆಗಿರುವ ಮರದ ಕೂಡುಗೆರೆಯ ಮೇಲೆ ಎಂದೂ ಬೆರಳು ಸುತ್ತಿ ಎಳೆಯಬಾರದು. ಅಲಗು ಮರವನ್ನು ಸೀಳಿ ನೇರ ಬೆರಳಿಗೆ ಇಳಿಯುತ್ತದೆ.

ಸಾಣೆಗೆ ಕಳುಹಿಸುವ ತೀರ್ಮಾನ

ಸಾಂಪ್ರದಾಯಿಕ ಸಾಣೆ ಎಂದರೆ ಒರಟು ಕಲ್ಲಿನಿಂದ ಹಿಡಿದು ಬಿನ್ಸುಯಿ, ಕೈಸೆಯಿ, ನಾಗುರಾ, ಉಚಿಗುಮೊರಿ ಕಲ್ಲುಗಳ ಮೂಲಕ ಸಾಗಿ, ಬೆರಳ ತುದಿಯಲ್ಲಿ ಹಿಡಿಯುವ ತೆಳು ಕಲ್ಲಿನ ಹಕ್ಕಳೆಗಳವರೆಗೆ ಹೋಗುವ ದೀರ್ಘ ಕೆಲಸ. ಪ್ರತಿ ಸಾಣೆಯೂ ಮತ್ತೆ ಬಾರದ ಉಕ್ಕನ್ನು ಒಯ್ಯುತ್ತದೆ. ಸಹಿ ನಂಬಲರ್ಹವಾಗಿದ್ದು, ನೀರಿನ ಹದ ಖಚಿತವಾಗಿದ್ದು, ಹಗಿರೆ ಇಲ್ಲದಿದ್ದರೆ ಮಾತ್ರ ಈ ಖರ್ಚಿಗೆ ಅರ್ಥವಿದೆ. ಎಣ್ಣೆಯಲ್ಲಿ ಹದಗೊಂಡ ಶೋವಾತೋವನ್ನು ಇತಿಹಾಸದ ವಸ್ತುವಾಗಿ ಇದ್ದಂತೆಯೇ ಕಾಪಾಡುವುದು ಸರಿ. ಅದಕ್ಕೆ ದುಬಾರಿ ಸಾಣೆ ಹಿಡಿಸಿ ಇಲ್ಲದ ಸೌಂದರ್ಯವನ್ನು ಹುಡುಕುವುದರಲ್ಲಿ ಅರ್ಥವಿಲ್ಲ.

ಜಪಾನಿಗೆ ಕಳುಹಿಸುವ ಯೋಚನೆಯಿದ್ದರೆ ಗುರುತಿನ ಪ್ರಶ್ನೆ ಕಾನೂನಿನ ಪ್ರಶ್ನೆಯಾಗುತ್ತದೆ. 1945ರ ನಂತರದ ನಿಶ್ಶಸ್ತ್ರೀಕರಣದಲ್ಲಿ ಅಪಾರ ಕತ್ತಿಗಳು ನಾಶವಾಗುತ್ತಿದ್ದಾಗ, ಹೊಮ್ಮಾ ಜುಂಜಿಯವರಂಥ ತಜ್ಞರು ಜಪಾನನ್ನು ವಶದಲ್ಲಿಟ್ಟುಕೊಂಡಿದ್ದ ಅಮೆರಿಕದ ಸೇನೆಯ ಅಧಿಕಾರಿ ಕರ್ನಲ್ ಕ್ಯಾಡ್‌ವೆಲ್ ಅವರ ಮನವೊಲಿಸಿ ಕಲಾಮೌಲ್ಯದ ಕತ್ತಿಗಳನ್ನು ಉಳಿಸಿಕೊಂಡರು. 1948ರಲ್ಲಿ ಜಪಾನಿ ಕಲಾ ಕತ್ತಿಗಳ ಸಂರಕ್ಷಣಾ ಸಂಘ ಹುಟ್ಟಿದ್ದು ಆ ಹಿನ್ನೆಲೆಯಲ್ಲಿ. ಕಲಾವಸ್ತು ಎಂಬ ಆ ನೆಲೆಯೇ ಇಂದಿಗೂ ಕಾನೂನಿನ ತಳಹದಿ. ಸಾಂಪ್ರದಾಯಿಕವಾಗಿ ತಯಾರಾದ ಅಲಗಿಗೆ ಪ್ರಾಂತದ ಶಿಕ್ಷಣ ಮಂಡಳಿ ನೋಂದಣಿ ಪತ್ರ ಕೊಡುತ್ತದೆ. ಗಿರಣಿಯ ಉಕ್ಕಿನ ಶೋವಾತೋಗೆ ಕೊಡುವುದಿಲ್ಲ, ಅದು ಅಲ್ಲಿಯೇ ಜಫ್ತಿಯಾಗುವ ಅಪಾಯವಿದೆ. ಆದ್ದರಿಂದ ನಕಾಗೊದ ಎರಡೂ ಮುಖಗಳ, ಮುದ್ರೆಗಳ ಮತ್ತು ಒಂದೇ ದೀಪದಲ್ಲಿ ತೆಗೆದ ಹಮೋನ್‌ನ ಸ್ಪಷ್ಟ ಛಾಯಾಚಿತ್ರಗಳನ್ನು ಸಾಣೆಗಾರನಿಗೆ ಮುಂಚಿತವಾಗಿ ಕಳುಹಿಸಿ, ನೋಂದಣಿಗೆ ಅರ್ಹವೆಂಬ ಅಭಿಪ್ರಾಯ ಬಂದ ಮೇಲಷ್ಟೇ ಸಾಗಣೆಗೆ ಕೈಹಾಕಬೇಕು. ಭಾರತದಲ್ಲಿ 1959ರ ಆಯುಧ ಕಾಯ್ದೆಯಡಿಯ ನಿಯಮಗಳು ಒಂಬತ್ತು ಅಂಗುಲಕ್ಕಿಂತ ಉದ್ದದ ಅಲಗಿನ ಕತ್ತಿಯನ್ನು ಆಯುಧವೆಂದೇ ಎಣಿಸುವುದರಿಂದ, ಹೊರಗೆ ಕಳುಹಿಸುವಾಗಲೂ ಮರಳಿ ತರುವಾಗಲೂ ಬೇಕಾಗುವ ಅನುಮತಿಗಳನ್ನು ಜಿಲ್ಲಾಡಳಿತ ಮತ್ತು ಸುಂಕದ ಇಲಾಖೆಯಲ್ಲಿ ಮೊದಲೇ ವಿಚಾರಿಸಿ, ಲಿಖಿತವಾಗಿ ಪಡೆದುಕೊಂಡಿರಬೇಕು.